ಕಾರಣಗಳ ಹುಡುಕಾಟವೂ ಸೃಷ್ಟಿಕರ್ತನ ಮೇಲಿನ ವಿಶ್ವಾಸವೂ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಜೀವಶಾಸ್ತ್ರ ಕಲಿಯುತ್ತಿರುವ ಮಕ್ಕಳು ಮನೆಗೆ ಬಂದು, "ವಿಕಾಸವಾದವನ್ನು ಓದಿದರೆ ಈಮಾನ್‌ಗೆ ಧಕ್ಕೆಯಾಗುತ್ತದೆಯೇ?" ಎಂದು ಕೇಳಿದಾಗ ನಾವು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತೇವೆ. ಒಂದೋ ಗದರಿಸಿ ಸುಮ್ಮನಾಗಿಸುತ್ತೇವೆ, ಇಲ್ಲವೇ ಡಾರ್ವಿನ್‌ನನ್ನು ಸೋಲಿಸಿದ್ದೇವೆಂದು ಹೇಳಿಕೊಳ್ಳುವ ಪುಸ್ತಕವೊಂದನ್ನು ಕೈಗೆ ಕೊಡುತ್ತೇವೆ. ಈ ಎರಡನೆಯ ದಾರಿಯ ಕುರಿತು ಇಂದು ಸ್ವಲ್ಪ ವಿವರವಾಗಿ ಆಲೋಚಿಸಬೇಕಾಗಿದೆ.

ಅಮೇರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೋವರ್ ಎಂಬ ಸಣ್ಣ ಊರಿದೆ. 2004ರ ಅಕ್ಟೋಬರ್‌ನಲ್ಲಿ ಅಲ್ಲಿನ ಶಾಲಾ ಮಂಡಳಿಯು ಒಂದು ನಿರ್ಣಯ ಕೈಗೊಂಡಿತು. ಡಾರ್ವಿನ್‌ನ ಸಿದ್ಧಾಂತದಲ್ಲಿ ಕೊರತೆಗಳಿವೆ, 'ಬುದ್ಧಿಪೂರ್ವಕ ವಿನ್ಯಾಸ' ಎಂಬ ಬೇರೊಂದು ವಿವರಣೆಯೂ ಇದೆ ಎಂಬ ಹೇಳಿಕೆಯನ್ನು ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಓದಬೇಕೆಂಬುದೇ ಆ ನಿರ್ಣಯ. ವಿಜ್ಞಾನ ಶಿಕ್ಷಕರು ಅದನ್ನು ಓದಲು ನಿರಾಕರಿಸಿದರು. ಹನ್ನೊಂದು ಮಂದಿ ಹೆತ್ತವರು ನ್ಯಾಯಾಲಯದ ಮೆಟ್ಟಿಲೇರಿದರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ನೀಡಿ, ಇದು ವಿಜ್ಞಾನವಲ್ಲ, ವಿಜ್ಞಾನದ ಉಡುಪು ತೊಟ್ಟ ಧಾರ್ಮಿಕ ವಾದ, ಸರಕಾರಿ ಶಾಲೆಯಲ್ಲಿ ಇದನ್ನು ಕಲಿಸುವುದು ಸಂವಿಧಾನಬಾಹಿರ ಎಂದರು. ಅವರನ್ನು ನೇಮಿಸಿದವರು ಅಧ್ಯಕ್ಷ ಬುಷ್ ಎಂಬುದನ್ನೂ ನೆನಪಿಡೋಣ. ಮಂಡಳಿಯವರು ಶಿಫಾರಸು ಮಾಡಿದ್ದ ಪುಸ್ತಕದ ಹಳೆಯ ಕರಡುಗಳನ್ನೂ ಅಲ್ಲಿ ಪರಿಶೀಲಿಸಲಾಯಿತು. ಸೃಷ್ಟಿವಾದವನ್ನು ಶಾಲೆಯಲ್ಲಿ ಕಲಿಸಬಾರದೆಂದು 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ ಬಳಿಕ, 'ಸೃಷ್ಟಿ' ಎಂದಿದ್ದಲ್ಲೆಲ್ಲ 'ವಿನ್ಯಾಸ' ಎಂದು ಬದಲಿಸಲಾಗಿತ್ತು. ಒಂದೆಡೆ ಅವಸರದಲ್ಲಿ ಹಳೆಯ ಪದದ ನಡುವೆಯೇ ಹೊಸ ಪದ ಸಿಕ್ಕಿಬಿದ್ದು ಎರಡೂ ಅಲ್ಲದ ವಿಚಿತ್ರ ಪದವೊಂದು ಉಳಿದಿತ್ತು! ಸತ್ಯದ ಪರವಾಗಿ ನಿಲ್ಲುವವರಿಗೆ ಇಂತಹ ಕೈಚಳಕದ ಅಗತ್ಯವೇನಿತ್ತು?

ಆದರೆ ತೀರ್ಪಿಗಿಂತಲೂ ನಮ್ಮ ಗಮನ ಸೆಳೆಯಬೇಕಾದುದು ಅಲ್ಲಿನ ಸಾಕ್ಷಿಗಳು. ವಿನ್ಯಾಸವಾದದ ಪರ ನಿಂತ ಜೀವರಸಾಯನ ವಿಜ್ಞಾನಿ ಮೈಕಲ್ ಬೀಹಿ ಕ್ಯಾಥೊಲಿಕ್ ಕ್ರೈಸ್ತರು. ಅದರ ವಿರುದ್ಧ ಸಾಕ್ಷಿ ನುಡಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕೂಡ ಕ್ಯಾಥೊಲಿಕರೇ. ಅಂದರೆ ಅದು ಆಸ್ತಿಕರ ಮತ್ತು ನಾಸ್ತಿಕರ ನಡುವಿನ ಜಗಳವಾಗಿರಲಿಲ್ಲ. ಬ್ಯಾಕ್ಟೀರಿಯಾವನ್ನು ಈಜಿಸುವ ಬಾಲದಂತಹ ಕಶಾಂಗವನ್ನು ಬೀಹಿ ಉದಾಹರಿಸಿದರು. ಅದರ ಬುಡದಲ್ಲಿ ತಿರುಗುವ ಮೋಟಾರು ಇದೆ. ಒಂದು ಬಿಡಿಭಾಗ ತೆಗೆದರೂ ಅದು ನಿಲ್ಲುತ್ತದೆ. ಆದುದರಿಂದ ಅದು ಹಂತಹಂತವಾಗಿ ರೂಪುಗೊಂಡಿರಲಾರದು ಎಂಬುದು ಅವರ ವಾದ. ಮಿಲ್ಲರ್ ಉತ್ತರಿಸಿದರು: ಅದರ ಬುಡಭಾಗದ ಪ್ರೋಟೀನುಗಳನ್ನೇ ಹೋಲುವ ಚಿಕ್ಕದೊಂದು ರಚನೆ ಪ್ಲೇಗ್ ರೋಗಾಣುವಿನಂತಹ ಬ್ಯಾಕ್ಟೀರಿಯಾಗಳಲ್ಲಿದೆ. ಅದು ಈಜಲು ನೆರವಾಗುವುದಿಲ್ಲ, ಬೇರೆ ಜೀವಕೋಶಗಳೊಳಗೆ ವಿಷವನ್ನು ಚುಚ್ಚುತ್ತದೆ. ಬಿಡಿಭಾಗಗಳು ಕಡಿಮೆಯಾದರೂ ಯಂತ್ರ ನಿರುಪಯುಕ್ತವಾಗಲಿಲ್ಲ, ಅದಕ್ಕೆ ಬೇರೆಯೇ ಕೆಲಸವಿದೆ.

'ಇದು ಹೇಗಾಯಿತೆಂದು ತಿಳಿಯುತ್ತಿಲ್ಲ, ಆದುದರಿಂದ ಇಲ್ಲಿ ಸೃಷ್ಟಿಕರ್ತನಿದ್ದಾನೆ' ಎನ್ನುವ ತರ್ಕದ ಅಪಾಯ ಇದುವೇ. ನ್ಯೂಟನ್‌ನಂತಹ ಮೇಧಾವಿಯೂ ಇದರಲ್ಲಿ ಸಿಲುಕಿದ್ದನು. ಗ್ರಹಗಳ ಪರಸ್ಪರ ಸೆಳೆತದಿಂದ ಅವುಗಳ ಪಥ ಕ್ರಮೇಣ ಕೆಡುತ್ತದೆ, ದೇವನು ಅದನ್ನು ಸರಿಪಡಿಸಬೇಕಾಗುತ್ತದೆ ಎಂದು ಅವನು ಭಾವಿಸಿದ್ದನು. 18ನೇ ಶತಮಾನದ ಕೊನೆಯಲ್ಲಿ ಲಾಪ್ಲಾಸ್, ಗುರು ಮತ್ತು ಶನಿಯ ಚಲನೆಯಲ್ಲಿ ಕಂಡುಬಂದ ಏರುಪೇರು ಅದೇ ಗುರುತ್ವ ನಿಯಮದಂತೆ ಕಾಲಕಾಲಕ್ಕೆ ಮರುಕಳಿಸುವಂತಹದು ಎಂದು ಲೆಕ್ಕ ಹಾಕಿ ತೋರಿಸಿದನು. ಗ್ರಹಗಳನ್ನೂ ಆ ನಿಯಮವನ್ನೂ ಉಂಟುಮಾಡಿದವನು ಯಾರು ಎಂಬ ಪ್ರಶ್ನೆ ಇದರಿಂದ ಕಿಂಚಿತ್ತೂ ಚಿಕ್ಕದಾಗಲಿಲ್ಲ. ತಿಳಿಯದ ಮೂಲೆಯಲ್ಲಷ್ಟೇ ದೇವನನ್ನು ಹುಡುಕಿದವರ ವಾದ ಮಾತ್ರ ಕುಸಿಯಿತು.

ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಈ ಮರಣಕ್ಕಾಗಿಯೇ ಸೂರ್ಯನು ಕಪ್ಪಾದನೆಂದು ಜನರು ಮಾತನಾಡಿಕೊಂಡರು. ಅನುಯಾಯಿಗಳ ಭಕ್ತಿಯನ್ನು ಹೆಚ್ಚಿಸಿಕೊಳ್ಳಲು ಅದಕ್ಕಿಂತ ಉತ್ತಮ ಅವಕಾಶವಿರಲಿಲ್ಲ. ಆದರೆ ದುಃಖದ ಆ ಘಳಿಗೆಯಲ್ಲೂ ಪ್ರವಾದಿಯವರು(ಸ) ಅದನ್ನು ತಿದ್ದಿದರು. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟು ಸಾವಿಗಾಗಿಯೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿ, ಪ್ರಾರ್ಥಿಸುವಂತೆ ಆದೇಶಿಸಿದರು. ಗ್ರಹಣವನ್ನು ಖಗೋಳ ಶಾಸ್ತ್ರಜ್ಞರು ವಿವರಿಸುವ ರೀತಿಯನ್ನು ಧರ್ಮದ ಹೆಸರಲ್ಲಿ ಖಂಡಿಸುವವರು ಧರ್ಮವನ್ನೇ ದುರ್ಬಲಗೊಳಿಸುತ್ತಾರೆ ಎಂದು ಇಮಾಮ್ ಗಝ್ಝಾಲಿಯವರು ಎಚ್ಚರಿಸಿದ್ದರು. ಅದೂ ತತ್ವಜ್ಞಾನಿಗಳನ್ನು ಟೀಕಿಸಲೆಂದೇ ಬರೆದ 'ತಹಾಫುತುಲ್ ಫಲಾಸಿಫ'ದ ಪೀಠಿಕೆಯಲ್ಲಿ!

ಇನ್ನೊಂದು ಬದಿಯ ಅತಿರೇಕವೂ ಇದೆ. ನೈಸರ್ಗಿಕ ಕಾರಣ ಸಿಕ್ಕಿತು, ಆದುದರಿಂದ ಸೃಷ್ಟಿಕರ್ತನಿಲ್ಲ ಎನ್ನುವವರ ಮಾತು ಪ್ರಯೋಗಾಲಯದಲ್ಲಿ ಸಾಬೀತಾದುದಲ್ಲ. ಅದು ಅವರ ತತ್ವಶಾಸ್ತ್ರ. ಆದಮರ(ಅ) ಸೃಷ್ಟಿಯ ಕುರಿತಾದ ವ್ಯಾಖ್ಯಾನಗಳ ಚರ್ಚೆ ವಿದ್ವಾಂಸರಿಗೆ ಸೇರಿದ್ದು, ಅದನ್ನು ಅವರಿಗೇ ಬಿಡೋಣ.

ಈಗ ನಮ್ಮ ಮನೆಗಳ ಕಪಾಟುಗಳತ್ತ ನೋಡೋಣ. ಹಾರೂನ್ ಯಹ್ಯಾ ಹೆಸರಿನಲ್ಲಿ ಟರ್ಕಿಯ ಅದ್ನಾನ್ ಒಕ್ತರ್ ಪ್ರಕಟಿಸಿದ ಪುಸ್ತಕಗಳನ್ನು ಒಂದು ಕಾಲದಲ್ಲಿ ಜಗತ್ತಿನಾದ್ಯಂತ ಮುಸ್ಲಿಮರು ಅಭಿಮಾನದಿಂದ ಓದಿದರು. ಅವರ 'ಸೃಷ್ಟಿಯ ಅಟ್ಲಾಸ್' ಎಂಬ ಭಾರೀ ಗ್ರಂಥವು 2007ರಲ್ಲಿ ಯುರೋಪಿನ ಶಾಲೆಗಳಿಗೂ ಉಚಿತವಾಗಿ ತಲುಪಿತು. ಬದಲಾಗದೆ ಉಳಿದ ಜೀವಿಗಳೆಂದು ಅದರಲ್ಲಿ ಮುದ್ರಿಸಿದ್ದ ಕೆಲವು ಕೀಟಗಳು ವಾಸ್ತವದಲ್ಲಿ ಮೀನು ಹಿಡಿಯಲು ಬಳಸುವ ಕೃತಕ ಹುಳುಗಳಾಗಿದ್ದವು. ಚಿತ್ರದಲ್ಲಿ ಗಾಳದ ಕೊಕ್ಕೆಯೂ ಕಾಣುತ್ತಿತ್ತು! ಲೇಖಕರು 2018ರಲ್ಲಿ ಬಂಧಿತರಾಗಿ ಲೈಂಗಿಕ ದೌರ್ಜನ್ಯವೂ ಸೇರಿದಂತೆ ಹಲವು ಅಪರಾಧಗಳಿಗಾಗಿ ಶಿಕ್ಷೆಗೊಳಗಾದುದು ಬೇರೆಯೇ ವಿಷಯ. ಕೊಕ್ಕೆಯನ್ನು ಗುರುತಿಸಿದ ವಿದ್ಯಾರ್ಥಿಯ ಮನಸ್ಸಿನಲ್ಲಿ, ಇಂತಹ ಪುಸ್ತಕವನ್ನು ಈಮಾನ್‌ನ ಪುರಾವೆಯೆಂದು ಕೊಟ್ಟ ತಂದೆಯ ಬಗ್ಗೆ ಏನು ಉಳಿದೀತು?

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ಮಾಯವಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಇದರಿಂದ ನಮ್ಮಲ್ಲಿ ಯಾರಿಗಾದರೂ ನೆಮ್ಮದಿಯಾಗಿದ್ದರೆ, ಹನ್ನೆರಡನೇ ತರಗತಿಯ ಇತಿಹಾಸದಿಂದ ಮೊಘಲ್ ದರ್ಬಾರುಗಳ ಅಧ್ಯಾಯವನ್ನು ಕಿತ್ತುಹಾಕಿದ್ದೂ ಅದೇ ಪರಿಷ್ಕರಣೆಯೇ ಎಂಬುದನ್ನು ಅವರು ಗಮನಿಸಲಿ. ಹತ್ತನೆಯ ಬಳಿಕ ವಾಣಿಜ್ಯ ಅಥವಾ ಕಲಾ ವಿಭಾಗಕ್ಕೆ ಹೋಗುವ ಮಗಳಿಗೆ ಆ ಪಾಠ ಇನ್ನೆಂದೂ ಸಿಗದು. ಹನ್ನೆರಡನೇ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲಿ ಅದು ಉಳಿದುಕೊಂಡಿದೆ. ಮನೆಯಲ್ಲಿ ಅಣ್ಣನದ್ದೋ ಅಕ್ಕನದ್ದೋ ಹಳೆಯ ಪ್ರತಿ ಇದ್ದರೆ ಗುಜರಿಗೆ ಹಾಕಬೇಡಿ, ಚಿಕ್ಕವರಿಗೆ ಓದಲು ಕೊಡಿ.