ಡಿವಿಡಿ ವಾಪಸ್ ಹೋಯಿತು, ಠೇವಣಿ ಬಂತೇ?

ಸಿನಿಮಾ ಬಾಡಿಗೆಗೆ ಮನೆ ಬಾಗಿಲಿಗೇ ಬರುತ್ತಿದ್ದ ಕಾಲ ನೆನಪಿದೆಯೇ? ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ 1998ರಿಂದ ಡಿವಿಡಿಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ನಮ್ಮ ಬೆಂಗಳೂರಿನಲ್ಲಿ 2005ರಲ್ಲಿ ಸೆವೆಂಟಿ ಎಂಎಂ ಹುಟ್ಟಿತು. 2008ರಲ್ಲಿ ರಿಲಯನ್ಸ್‌ನವರ ಬಿಗ್‌ಫ್ಲಿಕ್ಸ್ ಬಂತು. ನಮ್ಮಲ್ಲಿ ಅಂಚೆಯಣ್ಣನ ಬದಲು ಬೈಕಿನ ಹುಡುಗ. ತಿಂಗಳ ಚಂದಾ, ಮೇಲೊಂದಿಷ್ಟು ಠೇವಣಿ.

ಆದರೆ ಡೊಂಬಿವಲಿ, ಕಲ್ಯಾಣದವರ ಬದುಕು ಲೋಕಲ್ ಟ್ರೈನಿನದು. ಹುಡುಗ ಮಧ್ಯಾಹ್ನ ಬಂದರೆ ಬಾಗಿಲಿಗೆ ಬೀಗ! ಕನ್ನಡ ಸಿನಿಮಾ ಕೇಳಿದರೆ "ಸ್ಟಾಕ್ ಇಲ್ಲ". ನಮ್ಮ ಅಪ್ಪ ಸದಸ್ಯರಾಗಿದ್ದ ಕಂಪನಿಯೊಂದು ಡಿಸ್ಕನ್ನು ತಪ್ಪದೆ ವಾಪಸ್ ಒಯ್ದಿತು, ಠೇವಣಿ ಮಾತ್ರ ಕೊಡಲಿಲ್ಲ. ಫೋನ್ ಮಾಡಿದಾಗಲೆಲ್ಲ "ನಾಳೆ ಸಾರ್" ಎಂಬ ಉತ್ತರ. ಅಪ್ಪ ಸುಸ್ತಾಗಿ ಕೈಬಿಟ್ಟರು.

ಡಿವಿಡಿ ಹೋಯಿತು ನಿಜ, ಠೇವಣಿ ಹೋಗಿಲ್ಲ. ಇಂದು ಫ್ರಿಜ್, ಸೋಫಾ, ಮಂಚ ಎಲ್ಲವೂ ಬಾಡಿಗೆಗೆ ಬರುತ್ತವೆ. ಹಾಗಾಗಿ ಒಂದು ಮಾತು ತಿಳಿದಿರಲಿ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿ ಯಾವ ಊರಿನದೇ ಇರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಡೊಂಬಿವಲಿಯವರಿಗೆ ಥಾಣೆ ಜಿಲ್ಲೆ, ಖಾರ್ಘರ್, ಪನವೇಲ್‌ನವರಿಗೆ ರಾಯಗಡ. ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ.

ರಸೀದಿ, ಮೆಸೇಜು ಜೋಪಾನವಾಗಿಡಿ. ಸಾಮಾನು ವಾಪಸ್ ಕೊಡುವಾಗ ಸಹಿ ಹಾಕಿಸಿಕೊಳ್ಳಿ. ಮೊತ್ತ ಸಣ್ಣದಿರಬಹುದು, ಆದರೆ ಬೆವರಿನದು. ಬಿಟ್ಟುಕೊಡಬೇಡಿ.