ಮಂಗಳವಾರದ ಬಸ್ಸಿಗೆ ರಾಣಿ ಬಣ್ಣದ ಪ್ಯಾಂಟು

ಈ ವಾರ ಬಟ್ಟೆ ಬಗ್ಗೆ ಮಾತಾಡೋಣ. ಮದುವೆ ಸೀರೆ, ಹಬ್ಬದ ಲೆಹಂಗಾ ಬೇಡ, ಅವುಗಳ ಬಗ್ಗೆ ಮಾತಾಡೋರು ಬಹಳ ಮಂದಿ ಇದ್ದಾರೆ. ಸೋಮವಾರದಿಂದ ಶನಿವಾರದ ತನಕ ಕಾಲೇಜಿಗೆ, ಬ್ಯಾಂಕಿಗೆ, ಅಂಗಡಿ ಕೆಲಸಕ್ಕೆ, ದವಾಖಾನಿಗೆ ಹಾಕ್ಕೊಂಡು ಹೋಗೋ ಟಾಪು ಮತ್ತು ಪ್ಯಾಂಟು. ಅದರಲ್ಲೂ ಗಾಢ ಬಣ್ಣದ ಪ್ಯಾಂಟು: ರಾಣಿ, ಗಿಳಿಹಸಿರು, ಅರಿಶಿನ, ನವಿಲು ಬಣ್ಣ, ಇಟ್ಟಂಗಿ ಕೆಂಪು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸುರಪುರದಿಂದ ಶಹಾಪುರಕ್ಕೆ, ಶಹಾಪುರದಿಂದ ಯಾದಗಿರಿಗೆ ದಿನಾ ಸರ್ಕಾರಿ ಬಸ್ಸಿನಾಗ ಓಡಾಡೋ ಹೆಣ್ಣುಮಕ್ಕಳ ಖರ್ಚಿನ ಪಟ್ಟಿಯಿಂದ ಟಿಕೆಟ್ ಅನ್ನೋ ಸಾಲು ಅಳಿಸಿ ಹೋಯಿತು. ಆದರೆ ವಾರಕ್ಕೆ ಆರು ದಿನ ಹೊರಗೆ ಹೋಗಬೇಕಂದರೆ ಆರು ಜೊತೆ ಬಟ್ಟೆ ಬೇಕಲ್ಲ ಅನ್ನೋ ಚಿಂತೆ ಹಂಗೇ ಉಳೀತು. ಆರು ಜೊತೆ ಬೇಕಾಗಿಲ್ಲ ಅಂತ ಹೇಳೋದಕ್ಕೇ ಈ ಕಂತು.

ನಾನು ಬಿ.ಕಾಂ ಓದಿದಾಕಿ, ಲೆಕ್ಕದಿಂದಲೇ ಶುರು ಮಾಡ್ತೀನಿ. ಅಂಗಡಿಯಲ್ಲಿ ಟಾಪು, ಪ್ಯಾಂಟು, ವೇಲ್ ಕೂಡಿಸಿದ ಸೆಟ್ ಮಾರ್ತಾರೆ. ಮೂರು ಸೆಟ್ ತಗೊಂಡರೆ ನಿಮ್ಮ ಹತ್ತಿರ ಮೂರೇ ಉಡುಪು. ಅದೇ ಮೂರು ಟಾಪು, ಮೂರು ಪ್ಯಾಂಟು ಬೇರೆ ಬೇರೆ ತಗೊಂಡರೆ ಒಂಬತ್ತು ಜೋಡಿ. ಆದರೆ ನಾವೇನು ಮಾಡ್ತೀವಿ? "ಎಲ್ಲಾದಕ್ಕೂ ಹೊಂದ್ತದ" ಅಂತ ಕಪ್ಪು, ಬಿಳಿ, ಕೆನೆ ಬಣ್ಣದ ಲೆಗಿನ್ಸ್ ಮೂರು ತರ್ತೀವಿ. ಕಾಗದದ ಮೇಲೆ ಅದೂ ಒಂಬತ್ತೇ. ನೋಡೋರ ಕಣ್ಣಿಗೆ ಮಾತ್ರ ಅದೇ ಮೂರು ಟಾಪು. ಕಪ್ಪು ಪ್ಯಾಂಟು ಟಾಪನ್ನು ಬದಲಾಯಿಸೋದಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿದು ನಿಲ್ತದ. ಅದೇ ನೀಲಿ ಟಾಪಿನ ಕೆಳಗೆ ಇವತ್ತು ಅರಿಶಿನ, ಗುರುವಾರ ರಾಣಿ ಬಂದರೆ ಅದು ಬೇರೆಯೇ ಬಟ್ಟೆ. ಒಂದು ಪ್ಯಾಂಟಿಗೆ 350 ರೂಪಾಯಿ ಹಿಡೀರಿ. ಎಪ್ಪತ್ತು ಸಲ ಹಾಕಿದರೆ ಒಂದು ಸಲಕ್ಕೆ ಐದು ರೂಪಾಯಿ ಬಿತ್ತು. ಹೆದರಿ ಕಪಾಟಿನಲ್ಲಿಟ್ಟರೆ ಅದು ಡೆಡ್ ಸ್ಟಾಕ್.

ಆ ಹೆದರಿಕೆ ಯಾವುದು ಅಂತ ನಮಗೆಲ್ಲ ಗೊತ್ತದ. "ಏನವಾ, ಜಾತ್ರಿಗೆ ಹೊಂಟೀಯೇನು?" ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಂದರೆ ಸಾಕು, ಆ ಪ್ಯಾಂಟು ಮತ್ತೆ ಹೊರಗೆ ಬರೋದಿಲ್ಲ. ದಿನನಿತ್ಯಕ್ಕೆ ಮಬ್ಬು ಬಣ್ಣ ಹಾಕಿದರೆ ಡೀಸೆಂಟ್ ಅಂತ ಈ ಊರಿಗೆ ಯಾರು ಹೇಳಿಕೊಟ್ಟರೋ! ನಮ್ಮ ಸೀಮೆ ಬಣ್ಣಕ್ಕೆ ಹೆದರಿದ ಸೀಮೆ ಅಲ್ಲ. ಮೈಲಾಪುರ ಮಲ್ಲಯ್ಯನ ಜಾತ್ರಿಯಲ್ಲಿ ಭಂಡಾರ ಹಾರಿ ಮಂದಿಯೆಲ್ಲ ಹಳದಿ ಆಗ್ತಾರೆ, ಅದು ವರ್ಷಕ್ಕೊಮ್ಮೆ ಅಂತೀರಿ, ಸರಿ. ಆದರೆ ತಾಂಡಾದ ಹಿರಿಯ ಅವ್ವಂದಿರು ಕನ್ನಡಿ ಹಚ್ಚಿದ ಕೆಂಪು ಫೇಟಿಯಾ ಉಟ್ಟು ದಿನಾ ಕೆಲಸ ಮಾಡಿದೋರು. ನಮ್ಮ ಅಜ್ಜಿಯರು ಹಸಿರು ಇಳಕಲ್ ಸೀರೆಗೆ ಕೆಂಪು ಸೆರಗು ಹೊದ್ದು ಹೊಲಕ್ಕೆ ಹೋದೋರು. ಈಗಲೂ ಹತ್ತಿ ಬಿಡಿಸೋ ಹೆಣ್ಣಾಳುಗಳು ಸೀರೆ ಮ್ಯಾಲೆ ಗಂಡಸರ ಚೌಕಡಿ ಅಂಗಿ ತೊಡ್ತಾರೆ, ಬಣ್ಣಕ್ಕೆ ಬಣ್ಣ ಬಡಿದಾಡ್ತಾವ, ಯಾರೂ ಏನೂ ಅನ್ನೋದಿಲ್ಲ. ಓದಿದ ಹುಡುಗಿ ಪ್ಯಾಂಟಿನಲ್ಲಿ ಅದೇ ಬಣ್ಣ ತಂದರೆ ಮಾತ್ರ ಕಣ್ಣಿಗೆ ಬೀಳ್ತದ.

ಇನ್ನೊಂದು ಮಾತು. ಪ್ಯಾಂಟು ನಮ್ಮದಲ್ಲ ಅನ್ನೋರಿಗೆ: ಈ ಭಾಗ 1948ರ ತನಕ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದಿನ ಖಡಾ ದುಪಟ್ಟಾ ಅನ್ನೋ ಮದುವೆ ಉಡುಪಿನ ಕೆಳಗೆ ಇರೋದು ಚೂಡಿದಾರ ಪೈಜಾಮಾನೇ.

ಈಗ ಹೊಂದಿಸೋದು ಹೆಂಗ? ನನಗೆ ಇದಕ್ಕೆ ಇಳಕಲ್ ಸೀರೆಗಿಂತ ದೊಡ್ಡ ಗುರು ಸಿಕ್ಕಿಲ್ಲ. ಸೀರೆ ಮೈ ಕಪ್ಪಿರಲಿ, ಹಸಿರಿರಲಿ, ನೀಲಿ ಇರಲಿ, ತೋಪು ತೆನಿ ಸೆರಗು ಕೆಂಪು, ಅದರಲ್ಲಿ ಬಿಳಿ ತೆನಿ. ಕೆಳಗೆ ತೊಡೋ ಗುಳೇದಗುಡ್ಡದ ಖಣದ ಕುಪ್ಪಸ ಮೂರನೇ ಬಣ್ಣ. ಅಂದರೆ ದೊಡ್ಡ ಜಾಗಕ್ಕೆ ಒಂದು ಬಣ್ಣ, ಸಣ್ಣ ಜಾಗಕ್ಕೆ ಅದರ ಎದುರು ನಿಲ್ಲೋ ಬಣ್ಣ. ಟಾಪು-ಪ್ಯಾಂಟಿನಲ್ಲಿ ಆ ಸಣ್ಣ ಜಾಗ ಪ್ಯಾಂಟು. ಅದು ನಿಮ್ಮ ಖಣ. ಹಂಗ ನೋಡಿದರೆ ಅರ್ಧ ಗೊಂದಲ ಅಲ್ಲೇ ಹೋಗ್ತದ. ಟಾಪು ಮೊಣಕಾಲು ದಾಟಿ ಇಳಿದಿದ್ದರೆ ಪ್ಯಾಂಟು ಕಾಣೋದು ಒಂದು ಗೇಣು, ಅಲ್ಲಿ ಎಷ್ಟು ಗಾಢ ಇದ್ದರೂ ನಡೀತದ. ಟಾಪು ಗಿಡ್ಡ ಇದ್ದರೆ ಪ್ಯಾಂಟಿನ ಜಾಗ ದೊಡ್ಡದಾಗ್ತದ. ಆಗ ಗಿಳಿಹಸಿರಿನ ಬದಲು ಇಟ್ಟಂಗಿ ಕೆಂಪು, ನವಿಲು ಬಣ್ಣದಂಥವು ಚಲೋ. ಹೂವಿನ ಟಾಪಾದರೆ ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಇರೋ ಬಣ್ಣ ಹುಡುಕ್ರಿ, ಹೂವಿನ ನಡುವಿನ ಚುಕ್ಕಿ ಬಣ್ಣ ಅಂತ ಇರ್ತದಲ್ಲ, ಅದೇ ಬಣ್ಣದ ಪ್ಯಾಂಟು ತಗೊಳ್ರಿ. ವೇಲ್ ಹೊದಿಯೋದಿದ್ದರೆ ಮೂರನೇ ಗಾಢ ಬಣ್ಣ ತರಬ್ಯಾಡ್ರಿ. ಟಾಪಿನದೋ ಪ್ಯಾಂಟಿನದೋ ಒಂದು ಬಣ್ಣ ಅದರಲ್ಲಿರಲಿ.

ಕಪ್ಪಿನಲ್ಲಿ ಹೊಲಸು ಕಾಣೋದಿಲ್ಲ ಅಂತಾರಲ್ಲ, ಅದನ್ನ ನಾನು ಒಪ್ಪೋದಿಲ್ಲ. ನಮ್ಮ ರಸ್ತೆ ಧೂಳು ಕಪ್ಪಿನ ಮೇಲೆ ಎಷ್ಟು ಎದ್ದು ಕಾಣ್ತದೋ ಇಟ್ಟಂಗಿ ಬಣ್ಣದ ಮೇಲೆ ಅಷ್ಟು ಕಾಣೋದಿಲ್ಲ. ಮತ್ತೆ ಬ್ಯಾಸಿಗಿಯಲ್ಲಿ ಬಿಸಿಲು 40 ಡಿಗ್ರಿ ದಾಟೋ ಊರಿದು, ಮೈಗೆ ಅಂಟೋ ಲೆಗಿನ್ಸ್ ಯಾರ ಸಲುವಾಗಿ? ಸಡಿಲ ಹತ್ತಿ ಪ್ಯಾಂಟು ಹೊಲಿಸ್ರಿ. ಎರಡರಿಂದ ಎರಡೂವರೆ ಮೀಟರ್ ಬಟ್ಟೆ ಬೇಕು. ಹೊಲಿಸೋ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿಡ್ರಿ, ಕುಗ್ಗೋದು ಆಗಲೇ ಕುಗ್ಗಲಿ. ಟೇಲರ್‌ಗೆ ಕಿಸೆ ಇಡಲೇಬೇಕು ಅಂತ ಹೇಳ್ರಿ. ಶೂನ್ಯ ಟಿಕೆಟ್ ಕೊಡೋವಾಗ ಕಂಡಕ್ಟರ್ ಗುರುತಿನ ಚೀಟಿ ಕೇಳಿದರೆ ಆ ಗದ್ದಲದಲ್ಲಿ ಬ್ಯಾಗು ತಡಕಾಡೋದು ತಪ್ತದ.

ಶಹಾಪುರದಿಂದ ಒಬ್ಬ ಅಕ್ಕ ಧ್ವನಿ ಸಂದೇಶ ಕಳಿಸಿದ್ದಾರೆ. ಹೆಸರು ಹೇಳಬ್ಯಾಡ ಅಂದಾರ, ಹೇಳೋದಿಲ್ಲ. ಗಂಡ ತೀರಿಕೊಂಡು ನಾಲ್ಕು ವರ್ಷ ಆಯಿತು. ಒಂದು ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಬಣ್ಣದ ಬಟ್ಟೆ ಹಾಕಬ್ಯಾಡ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅಂದಿಲ್ಲವಂತೆ. ಹಬ್ಬಕ್ಕೆ ಅವರಿಗೆ ಅಂತ ತರೋ ಬಟ್ಟೆ ಮಾತ್ರ ತಾನಾಗಿ ಬೂದಿ, ಕೆನೆ, ತಿಳಿನೀಲಿ ಆಗಿಬಿಟ್ಟಿತು. ಅವರ ಪ್ರಶ್ನೆ ಇಷ್ಟು: "ತಂಗೀ, ಉದ್ದ ಟಾಪಿನ ಕೆಳಗ ಒಂದು ಗೇಣು ಬಣ್ಣ ಕಂಡರ ತಪ್ಪೇನು?"

ಅಕ್ಕಾ, ತಪ್ಪಿಲ್ಲ. ಮಂದಿ ಏನೂ ಅನ್ನೋದಿಲ್ಲ ಅಂತ ಸುಳ್ಳು ಹೇಳೋದಿಲ್ಲ, ಅಂತಾರೆ. ಮನೆಯವರಿಗಿಂತ ಮೊದಲು ಓಣಿಯವರು ಅಂತಾರೆ. ಆದರೆ ನಿಮಗೊಂದು ವಿಷಯ ಹೇಳಬೇಕು: ಗಾಢ ಪ್ಯಾಂಟಿಗೆ ಎಲ್ಲಕ್ಕಿಂತ ಚಂದ ಕೂಡೋ ಟಾಪು ಬೂದಿ ಮತ್ತು ಕೆನೆ ಬಣ್ಣದ್ದೇ. ಉಳಿದವರು ಹೊಸದಾಗಿ ಕೊಳ್ಳಬೇಕು, ನಿಮ್ಮ ಕಪಾಟಿನಲ್ಲಿ ನಾಲ್ಕು ವರ್ಷದಿಂದ ಜೋಡಿಸಿಟ್ಟಾರ. ಒಂದು ನವಿಲು ಬಣ್ಣದ ಪ್ಯಾಂಟು ಸಾಕು ಶುರು ಮಾಡೋದಕ್ಕೆ. ಬೂದಿ ಟಾಪಿಗೆ ಅದನ್ನ ಹಾಕಿ ಕೆಲಸಕ್ಕೆ ಹೋಗ್ರಿ, ಹಬ್ಬಕ್ಕೆ ಅಂತ ಎತ್ತಿಡಬ್ಯಾಡ್ರಿ. ವಾರಕ್ಕೆ ಎರಡು ಸಲ ಕಂಡ ಬಣ್ಣಕ್ಕೆ ಓಣಿ ಬೇಗ ರೂಢಿ ಆಗ್ತದ. ಯಾವಾಗಲೋ ಒಮ್ಮೆ ಕಂಡರೆ ಪ್ರತಿ ಸಲ ಸುದ್ದಿ ಆಗ್ತದ. ಅರಿಶಿನ, ರಾಣಿ ಯಾವಾಗ ಅಂತ ನೀವೇ ನೋಡ್ರಿ, ಅದಕ್ಕೆ ನನ್ನ ಒಪ್ಪಿಗೆ ಬೇಕಾಗಿಲ್ಲ, ಓಣಿಯದೂ ಬೇಕಾಗಿಲ್ಲ.

ಒಗೆಯೋ ವಿಷಯ ಬಹಳ ಮಂದಿ ಕೇಳಿದ್ದೀರಿ. ಹೊಸ ಪ್ಯಾಂಟನ್ನ ಮೊದಲ ಎರಡು-ಮೂರು ಸಲ ಬೇರೆ ಬಕೆಟ್‌ನಲ್ಲಿ ತಣ್ಣೀರಲ್ಲಿ ಒಗೀರಿ. ಬಣ್ಣ ಬಿಡ್ತದೋ ಇಲ್ಲೋ ನೋಡೋದಕ್ಕೆ ಬಿಳಿ ಅರಿವಿ ತುಂಡು ತೋಯಿಸಿ ಒಳಗಿನ ಹೊಲಿಗೆ ಹತ್ತಿರ ತಿಕ್ಕಿ ನೋಡ್ರಿ. ಮಾಳಿಗೆ ಮೇಲೆ ಬಿಸಿಲಿಗೆ ಹಾಕಬ್ಯಾಡ್ರಿ, ಒಳಮಗ್ಗಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸ್ರಿ. ಒಳಗಡೆ ಒಣಗಿಸೋದಿದ್ದರೂ ಕಿಟಕಿ ಹತ್ತಿರ ಹಾಕ್ರಿ, ಹತ್ತಿ ಬಟ್ಟೆ ಗಾಳಿ ಇಲ್ಲದ ಕಡೆ ವಾಸನಿ ಬರ್ತದ. ಟೇಲರ್ ಕೂಲಿ ಬಗ್ಗೆ ಬಂದ ಪ್ರಶ್ನೆಗಳನ್ನ ಮುಂದಿನ ವಾರ ತಗೋತೀನಿ.