ಯಹೂದಿ ಎಂಬುದು ಬೈಗುಳವಲ್ಲ

(ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನಿಗೆ ಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಹಾಬಿಗಳ ಮೇಲೆ ಶಾಂತಿ ಇರಲಿ.



ಕಳೆದ ವಾರ ನಮ್ಮ ಮದ್ರಸಾದ ಅಂಗಳದಲ್ಲಿ ಇಬ್ಬರು ಹುಡುಗರು ಪೆನ್ಸಿಲಿಗಾಗಿ ಜಗಳವಾಡಿದರು. ಒಬ್ಬ ಸಿಟ್ಟಿನಲ್ಲಿ ಇನ್ನೊಬ್ಬನನ್ನು "ಯಹೂದಿ" ಎಂದು ಬೈದ. ಉಸ್ತಾದರು ಅವನನ್ನು ಹತ್ತಿರ ಕೂರಿಸಿಕೊಂಡು, "ಯಹೂದಿ ಅಂದರೆ ಯಾರು ಮಗನೇ?" ಎಂದು ಕೇಳಿದರು. "ಕೆಟ್ಟವರು ಉಸ್ತಾದ್" ಎಂದ. "ಅವರು ಯಾರನ್ನು ಆರಾಧಿಸುತ್ತಾರೆ? ಅವರ ಗ್ರಂಥ ಯಾವುದು?" ಹುಡುಗನಿಗೆ ಗೊತ್ತಿರಲಿಲ್ಲ. ಬೈದ ಹುಡುಗನ ಹೆಸರು ಮೂಸಾ.

ಆ ಮಗುವನ್ನು ದೂರಿ ಪ್ರಯೋಜನವಿಲ್ಲ. ಮಕ್ಕಳು ಈ ಮಾತನ್ನು ಕಲಿತದ್ದು ನಮ್ಮ ಮನೆಗಳಲ್ಲಿ, ನಮ್ಮ ಮೊಬೈಲುಗಳಲ್ಲಿ. ಗಾಝಾದ ಮಕ್ಕಳ ಪುಟ್ಟ ಕಫನ್‌ಗಳನ್ನು ನೋಡಿ ನಾವು ಅತ್ತಿದ್ದೇವೆ, ಸಿಟ್ಟಾಗಿದ್ದೇವೆ. ಅನ್ಯಾಯದ ವಿರುದ್ಧ ಸಿಟ್ಟು ಬರಬೇಕಾದದ್ದೇ. ಆದರೆ ಆ ಸಿಟ್ಟು ಒಂದು ಸರಕಾರವನ್ನೂ ಅದರ ಸೈನ್ಯವನ್ನೂ ದಾಟಿ, ಲೋಕದಲ್ಲಿರುವ ಪ್ರತಿಯೊಬ್ಬ ಯಹೂದಿಯ ಮೇಲೆ ಹರಿಯತೊಡಗಿದರೆ ಅದು ನ್ಯಾಯವೇ? ಆ ಯುದ್ಧ ನಿಲ್ಲಿಸಿ ಎಂದು ಅಮೆರಿಕದಲ್ಲಿ ಬೀದಿಗಿಳಿದು ಬಂಧನಕ್ಕೊಳಗಾದವರಲ್ಲಿ ಯಹೂದಿಗಳೂ ಇದ್ದರು. ನಿರಪರಾಧಿಯ ರಕ್ತ ಯಾರದ್ದಾದರೂ ರಕ್ತವೇ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಎಚ್ಚರಿಕೆಯನ್ನು ಅಲ್ಲಾಹನು ಸೂರಃ ಅಲ್ ಮಾಇದಾದಲ್ಲಿ ನಮಗೆ ಕೊಟ್ಟಿದ್ದಾನೆ.

ಸೂರಃ ಅನ್ನಿಸಾದ 105ನೇ ಆಯತ್‌ನಿಂದ ಬರುವ ಭಾಗದ ಹಿನ್ನೆಲೆಯನ್ನು ಮುಫಸ್ಸಿರ್‌ಗಳು ಹೀಗೆ ವಿವರಿಸುತ್ತಾರೆ: ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡಿದ್ದ ಒಬ್ಬ ಕವಚವೊಂದನ್ನು ಕದ್ದ. ಸಿಕ್ಕಿಬೀಳುವ ಭಯದಿಂದ ಆರೋಪವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ. ಅವನ ಗೋತ್ರದವರು ಪ್ರವಾದಿ(ಸ)ರ ಬಳಿಗೆ ಬಂದು ಅವನ ಪರವಾಗಿ ವಾದಿಸಿದರು. ಆಗ ಅಲ್ಲಾಹನು ಆಯತ್‌ಗಳನ್ನು ಅವತೀರ್ಣಗೊಳಿಸಿ ಆ ಯಹೂದಿ ನಿರ್ದೋಷಿ ಎಂದು ತಿಳಿಸಿದನು. ಆ ದಿನಗಳಲ್ಲಿ ಮದೀನಾದ ಕೆಲವು ಯಹೂದಿ ಗೋತ್ರಗಳೊಂದಿಗೆ ಮುಸ್ಲಿಮರ ಸಂಬಂಧ ಹದಗೆಟ್ಟಿತ್ತು ಎಂಬುದನ್ನು ನೆನಪಿಡಿ. ಆದರೂ ಒಬ್ಬ ನಿರಪರಾಧಿಯ ಮಾನ ಕಾಪಾಡಲು ವಹೀ ಬಂತು.

ನ್ಯಾಯವಾಗಿ ನಡೆಯಬೇಕಾದರೆ ಮೊದಲು ತಿಳಿದುಕೊಳ್ಳಬೇಕು. ಪ್ರವಾದಿ(ಸ)ರು ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಗಳ ಬರಹವನ್ನು ಕಲಿಯಲು ಹೇಳಿದ್ದರು. ಅವರು ಅದನ್ನು ಕೆಲವೇ ದಿನಗಳಲ್ಲಿ ಕಲಿತರು. ನಾವೂ ಸ್ವಲ್ಪ ಕಲಿಯೋಣ.

ಯಹೂದಿಗಳು ದೇವನೊಬ್ಬನೇ ಎಂದು ನಂಬುತ್ತಾರೆ. ಅವನಿಗೆ ಪ್ರತಿಮೆ ಮಾಡುವುದಿಲ್ಲ. ದಿನಕ್ಕೆ ಮೂರು ಹೊತ್ತು ಪ್ರಾರ್ಥಿಸುತ್ತಾರೆ, ಜೆರುಸಲೇಮಿನ ಕಡೆ ಮುಖ ಮಾಡುತ್ತಾರೆ. ಹಿಜ್‌ರತ್‌ನ ನಂತರ 16 ಅಥವಾ 17 ತಿಂಗಳು ನಮ್ಮ ಖಿಬ್ಲಾ ಕೂಡ ಬೈತುಲ್ ಮುಖದ್ದಸ್ ಆಗಿತ್ತು. ಗಂಡು ಮಗುವಿಗೆ ಎಂಟನೇ ದಿನ ಸುನ್ನತಿ ಮಾಡಿಸುತ್ತಾರೆ. ಮಯ್ಯಿತ್ತನ್ನು ಸ್ನಾನ ಮಾಡಿಸಿ, ಸರಳವಾದ ಬಿಳಿ ಬಟ್ಟೆ ತೊಡಿಸಿ, ತಡಮಾಡದೆ ದಫನ ಮಾಡುತ್ತಾರೆ. ದಾನಕ್ಕೆ ಅವರ ಹೀಬ್ರೂ ಭಾಷೆಯಲ್ಲಿ ಸೆದಾಕಾ ಎನ್ನುತ್ತಾರೆ. ನಮ್ಮ ಸದಖಾ ಎಂಬ ಪದಕ್ಕೂ ಅದಕ್ಕೂ ಬೇರು ಒಂದೇ.

ಹಂದಿ ಅವರಿಗೂ ನಿಷಿದ್ಧ. ಪ್ರಾಣಿಯನ್ನು ಹರಿತವಾದ ಚೂರಿಯಿಂದ ಕೊಯ್ದು ರಕ್ತ ಹರಿಸಬೇಕು. ನಂತರ ಮಾಂಸವನ್ನು ಉಪ್ಪಿನಲ್ಲಿಟ್ಟು ಉಳಿದ ರಕ್ತವನ್ನೂ ತೆಗೆಯುತ್ತಾರೆ. ಮಾಂಸ ಮತ್ತು ಹಾಲನ್ನು ಬೆರೆಸುವಂತಿಲ್ಲ. ಮೊಸರು ಹಾಕಿ ಬೇಯಿಸಿದ ನಮ್ಮ ಬಿರಿಯಾನಿಯನ್ನು ಅವರು ಮುಟ್ಟುವಂತಿಲ್ಲ. ಸಿಗಡಿ, ಏಡಿ, ಒಂಟೆ ಮಾಂಸವೂ ಕೂಡದು.

ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯಾಗುವವರೆಗೆ ಅವರ ಸಬ್ಬತ್. ಕಟ್ಟುನಿಟ್ಟಾಗಿ ಪಾಲಿಸುವವರು ಆಗ ಬೆಂಕಿ ಹೊತ್ತಿಸುವುದಿಲ್ಲ, ವಾಹನ ಓಡಿಸುವುದಿಲ್ಲ, ವ್ಯಾಪಾರ ಮಾಡುವುದಿಲ್ಲ. ಮಹಾರಾಷ್ಟ್ರದ ಕೊಂಕಣ ತೀರದಲ್ಲಿ ಗಾಣದ ಕಸುಬು ಮಾಡುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳನ್ನು ಊರವರು "ಶನಿವಾರ ತೇಲಿ" ಎಂದೇ ಕರೆಯುತ್ತಿದ್ದರು. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಆದರೆ ಒಂದು ಜೀವ ಅಪಾಯದಲ್ಲಿದ್ದರೆ ಸಬ್ಬತ್ ಮುರಿದಾದರೂ ಅದನ್ನು ಉಳಿಸುವುದು ಅವರ ಧರ್ಮದಲ್ಲಿ ಕರ್ತವ್ಯ.

ವ್ಯತ್ಯಾಸಗಳನ್ನು ನಾವು ಮರೆಮಾಚುವುದಿಲ್ಲ. ಅವರು ಈಸಾ(ಅ)ರನ್ನೂ ನಮ್ಮ ಪ್ರವಾದಿ(ಸ)ರನ್ನೂ ಒಪ್ಪುವುದಿಲ್ಲ. ನಾವು ಒಪ್ಪುತ್ತೇವೆ, ಅದು ನಮ್ಮ ಈಮಾನ್. ಕುರ್‌ಆನ್ ಅವರ ಪೂರ್ವಜರ ತಪ್ಪುಗಳನ್ನು ಹೇಳುತ್ತದೆ. ಅವರೆಲ್ಲರೂ ಒಂದೇ ರೀತಿಯವರಲ್ಲ ಎಂದೂ ಸ್ಪಷ್ಟಪಡಿಸುತ್ತದೆ. ಮೊದಲನೆಯದನ್ನು ಮಾತ್ರ ಓದಿ ಎರಡನೆಯದನ್ನು ಬಿಡುವ ಹಕ್ಕು ನಮಗಿಲ್ಲ.

ಇದು ದೂರದೇಶದ ವಿಷಯ ಎಂದುಕೊಳ್ಳಬೇಡಿ. ಹರಿದ ಮುಸ್‌ಹಫನ್ನು ನಾವು ಕಸಕ್ಕೆ ಹಾಕುವುದಿಲ್ಲ, ಗೌರವದಿಂದ ಎತ್ತಿಡುತ್ತೇವೆ. ಯಹೂದಿಗಳೂ ದೇವನಾಮವಿರುವ ಹಾಳೆಗಳನ್ನು ಹಾಗೆಯೇ ಎತ್ತಿಡುತ್ತಾರೆ. ಆ ಜಾಗಕ್ಕೆ ಗೆನೀಝಾ ಎಂದು ಹೆಸರು. ಕೈರೋದ ಹಳೆಯ ಸಿನಗಾಗ್ ಒಂದರ ಗೆನೀಝಾದಲ್ಲಿ ನೂರಾರು ವರ್ಷ ಉಳಿದುಬಂದ ಕಾಗದಗಳಲ್ಲಿ ನಮ್ಮ ಮಂಗಳೂರಿನ ಸುದ್ದಿಯೂ ಇತ್ತು. ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಸುಮಾರು 17 ವರ್ಷ ನಮ್ಮ ಕರಾವಳಿಯಲ್ಲಿದ್ದರು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದರು. 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಅವರು ಬಿಡುಗಡೆ ಮಾಡಿದ ಪತ್ರ ಇಂದಿಗೂ ಇದೆ. ಅವರ ಬರಹಗಳ ಲಿಪಿ ಹೀಬ್ರೂ, ಭಾಷೆ ಹೆಚ್ಚಾಗಿ ಅರಬಿ. ನಮ್ಮ ಹಿರಿಯರು ಯಾವ ಕಡಲಿನಲ್ಲಿ ವ್ಯಾಪಾರ ಮಾಡಿದರೋ ಅದೇ ಕಡಲಿನಲ್ಲಿ ಅವರೂ ವ್ಯಾಪಾರ ಮಾಡಿದರು.

ಇಂದಿನ ಮಾತನ್ನೂ ಹೇಳೋಣ. ಕೋಲ್ಕತ್ತಾದಲ್ಲಿ ಯಹೂದಿಗಳು ಈಗ ಬೆರಳೆಣಿಕೆಯಷ್ಟು ಮಾತ್ರ. ಅಲ್ಲಿ 1884ರಲ್ಲಿ ಕಟ್ಟಿದ ಮಾಗೆನ್ ಡೇವಿಡ್ ಸಿನಗಾಗನ್ನು ಗುಡಿಸಿ, ಒರೆಸಿ, ಕಾಯುತ್ತ ಬಂದವರು ಮುಸ್ಲಿಮರು. ತಂದೆಯ ನಂತರ ಮಗ ಆ ಕೆಲಸ ಮುಂದುವರಿಸಿದ್ದಾನೆ. ಅದೇ ನಗರದಲ್ಲಿ ಯಹೂದಿಗಳು ಸ್ಥಾಪಿಸಿದ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂದು ಓದುತ್ತಿರುವವರಲ್ಲಿ ಹೆಚ್ಚಿನವರು ನಮ್ಮ ಸಮುದಾಯದ ಮಕ್ಕಳು.  

ಪ್ರವಾದಿ(ಸ)ರ ಮುಂದೆ ಒಮ್ಮೆ ಒಂದು ಜನಾಝಾ ಹೋಯಿತು. ಅವರು ಎದ್ದು ನಿಂತರು. ಅದು ಯಹೂದಿಯ ಜನಾಝಾ ಎಂದು ಜೊತೆಗಿದ್ದವರು ತಿಳಿಸಿದಾಗ, ಅದೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಅವರು ಮರುಪ್ರಶ್ನಿಸಿದರು. ಎದ್ದು ನಿಂತ ಆ ಪ್ರವಾದಿಯ ಉಮ್ಮತ್ ನಾವು.

ಆದ್ದರಿಂದ ಇಂದು ಮನೆಗೆ ಹೋದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ಗಾಝಾದವರಿಗಾಗಿ ಅವರೊಂದಿಗೆ ಕೈಯೆತ್ತಿ ದುಆ ಮಾಡಿ. ದಮನ ಮಾಡುವವನನ್ನು ದಮನಕಾರಿ ಎಂದೇ ಕರೆಯಲು ಕಲಿಸಿ. ಜೊತೆಗೆ, ಯಹೂದಿ ಎಂಬುದು ಒಂದು ಸಮುದಾಯದ ಹೆಸರು, ಬೈಯುವ ಪದವಲ್ಲ ಎಂದೂ ಹೇಳಿಕೊಡಿ. ಮೊಬೈಲಿಗೆ ಬಂದ ಸಂದೇಶ ಇಡೀ ಒಂದು ಜನಾಂಗವನ್ನು ಹಳಿಯುತ್ತಿದ್ದರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ. ನಮ್ಮಲ್ಲಿ ಒಬ್ಬ ಮಾಡಿದ ತಪ್ಪಿಗೆ ನಮ್ಮೆಲ್ಲರನ್ನೂ ಕಟಕಟೆಯಲ್ಲಿ ನಿಲ್ಲಿಸಿದಾಗ ಎಷ್ಟು ನೋವಾಗುತ್ತದೆಂದು ನಮಗೆ ಚೆನ್ನಾಗಿ ಗೊತ್ತಿದೆ. ಆ ನೋವನ್ನು ನಾವು ಇನ್ನೊಬ್ಬರಿಗೆ ಕೊಡದಿರೋಣ.

ಅಲ್ಲಾಹನು ಮರ್ದಿತರ ಕಣ್ಣೀರು ಒರೆಸಲಿ. ಸಿಟ್ಟಿನಲ್ಲಿಯೂ ಸಂತೋಷದಲ್ಲಿಯೂ ನ್ಯಾಯ ಬಿಡದವರ ಸಾಲಿನಲ್ಲಿ ನಮ್ಮನ್ನು ಸೇರಿಸಲಿ. ಆಮೀನ್.